ಅಮಾವಾಸ್ಯೆ ದಿನದ ವೋಲ್ಟು

ನಮ್ಮ ಮನೆಯವರು ಮೂವತ್ತು ವರ್ಷ ಮೋಟಾರ್ ವೈಂಡಿಂಗ್ ಮಾಡಿದರು. ಸುಟ್ಟುಹೋದ ಪಂಪ್‌ಸೆಟ್ ಮೋಟಾರಿನ ಒಳಗಿನ ತಾಮ್ರದ ತಂತಿ ಕಿತ್ತು, ಹೊಸ ತಂತಿ ಸುತ್ತುವ ಕೆಲಸ. ಬಳ್ಳಾರಿಯಲ್ಲಿ ಅವರದೊಂದು ಸಣ್ಣ ಅಂಗಡಿ ಇತ್ತು. ಆ ಮೂವತ್ತು ವರ್ಷಗಳಲ್ಲಿ ಕರೆಂಟಿನ ವಿಷಯ ಅವರು ನನಗೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಅಂಗಿಗೆ ಅಂಟಿದ ವಾರ್ನಿಷ್ ವಾಸನೆ ಎರಡು ಸಲ ಸೋಪು ಹಚ್ಚಿ ಉಜ್ಜಿದರೂ ಹೋಗುತ್ತಿರಲಿಲ್ಲ. ಅವರ ಕೆಲಸದ ಬಗ್ಗೆ ನನಗೆ ಗೊತ್ತಿದ್ದದ್ದು ಅಷ್ಟೇ.

ಕಲಿಸಿದ್ದು ಕೊನೆಗೆ, ಉಸಿರಾಡುವುದೇ ಕಷ್ಟವಾದ ಮೇಲೆ.

ಅವರ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿತ್ತು. ಯಾಕೆ ಹೀಗಾಯಿತು ಅಂದರೆ ಡಾಕ್ಟರು, ಕೆಲವರಿಗೆ ಸುಮ್ಮನೆ ಆಗಿಬಿಡುತ್ತದೆ ಅಂದರು. ಗುಣವಾಗುವ ಕಾಯಿಲೆ ಅಲ್ಲ, ಮನೆಯಲ್ಲಿ ಆಕ್ಸಿಜನ್ ಮಷೀನು ಇಡಬೇಕು, ಅದು ಹಗಲೂ ರಾತ್ರಿ ನಡೆಯುತ್ತಿರಬೇಕು ಅಂದರು. ಗಾಂಧಿನಗರದಲ್ಲಿ ನಮ್ಮದು ಬಾಡಿಗೆಯ ಎರಡು ಕೋಣೆ, ಕೆಳಗಿನ ಮನೆ. ಒಂದು ಕೋಣೆಯಲ್ಲಿ ಅವರ ಮಂಚ, ಮಂಚದ ಪಕ್ಕ ಮಷೀನು. ಅದರಿಂದ ಹೊರಟ ತೆಳ್ಳಗಿನ ಪ್ಲಾಸ್ಟಿಕ್ ಕೊಳವೆ ಅವರ ಮೂಗಿಗೆ. ಮಷೀನು ಸದಾ ಗೊರಗುಟ್ಟುತ್ತ ನಡುನಡುವೆ ಉಸ್ಸೆನ್ನುತ್ತಿತ್ತು. ಮೊದಮೊದಲು ಆ ಸದ್ದಿಗೆ ನನಗೆ ನಿದ್ದೆ ಬರುತ್ತಿರಲಿಲ್ಲ. ಆಮೇಲೆ ಆ ಸದ್ದು ನಿಂತರೆ ಎಚ್ಚರವಾಗಿ ಎದ್ದು ಕೂರುತ್ತಿದ್ದೆ.

ನಾನು ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದೇಳುವ ಮುಂಚೆ ಶಿವ ಕೊಟ್ಟದ್ದನ್ನು ಬೆರಳ ಗೆಣ್ಣಿನ ಮೇಲೆ ಎಣಿಸುತ್ತೇನೆ. ನಮ್ಮ ಅವ್ವ ಕಲಿಸಿದ್ದು. ಬೇಡುವ ಮುಂಚೆ ಎಣಿಸಬೇಕು ಅನ್ನುತ್ತಿದ್ದಳು. ಆಗೆಲ್ಲ ಎರಡೂ ಕೈ ಸಾಲುತ್ತಿರಲಿಲ್ಲ. ಮಕ್ಕಳಾಗಲಿಲ್ಲ ಎಂಬುದೊಂದನ್ನು ಬಿಟ್ಟರೆ ಎಣಿಸಲು ಬೇಕಾದಷ್ಟಿತ್ತು. ಮಷೀನು ಬಂದ ಮೇಲೆ ಒಂದೇ ಕೈಗೆ ಬಂತು. ಇವತ್ತು ಕರೆಂಟು ಹೋಗಲಿಲ್ಲ, ಒಂದು. ಎರಡು ತುತ್ತು ಅನ್ನ ಉಂಡರು, ಎರಡು. ಮುಂದೆ ಬೆರಳು ಅಲ್ಲೇ ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಇನ್ವರ್ಟರ್ ಹಿಡಿಯಲಿಲ್ಲ. ಮಷೀನು ಕೂಗಲು ಶುರು ಮಾಡಿತು. ನಾನು ಸ್ವಿಚ್ಚು ಒತ್ತುತ್ತೇನೆ, ಪ್ಲಗ್ಗು ಕಿತ್ತು ಹಾಕುತ್ತೇನೆ, "ಶಿವಶಿವಾ" ಅನ್ನುತ್ತೇನೆ. ಮಷೀನು ಕೂಗುತ್ತಲೇ ಇದೆ. ಇವರು ಮಂಚದ ಮೇಲೆ ಕೂತು ಬೆರಳು ತೋರಿಸಿ ಏನೋ ಹೇಳುತ್ತಿದ್ದಾರೆ, ಮಾತು ಹೊರಡುತ್ತಿಲ್ಲ. ಕೊನೆಗೆ ತಿಳಿಯಿತು. ನಾನು ಅದೇ ಇನ್ವರ್ಟರ್ ಲೈನಿಗೆ ಮಿಕ್ಸಿ ಹಾಕಿ ಚಟ್ನಿ ರುಬ್ಬುತ್ತಿದ್ದೆ, ಮಷೀನು ಕೂಗಿದಾಗ ಅದನ್ನು ಆರಿಸದೆ ಓಡಿ ಬಂದಿದ್ದೆ. ಎರಡೂ ಸೇರಿ ಅದಕ್ಕೆ ಭಾರವಾಗಿ ಅದು ಕೈಬಿಟ್ಟಿತ್ತು. ಮಿಕ್ಸಿ ಕಿತ್ತ ಮೇಲೆ ಮಷೀನು ನಡೆಯಿತು. ಇವರ ತುಟಿ ನೀಲಿಯಾಗಿತ್ತು.

ಸಂಜೆ ಸ್ವಲ್ಪ ಉಸಿರು ಬಂದ ಮೇಲೆ ಅಂದರು, "ಲೇ... ಇನ್ನ ನಾ ಎದ್ದು ನೋಡಾಕ ಆಗಂಗಿಲ್ಲ. ನೀ ಕಲಿ."

"ನಾ ಏಳನೆತ್ತ ಓದಿದಾಕಿ. ನನಗೆಲ್ಲಿ ಬರತೈತ್ರಿ ಅದು?"

"ರೊಟ್ಟಿ ಹಿಟ್ಟಿಗಿ... ನೀರ ಎಷ್ಟಂತ... ಯಾವ ಸಾಲ್ಯಾಗ ಕಲ್ತಿ?"

ಅವರು ಆಗ ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಿದ್ದರು. ಹಾಗಾಗಿ ಪಾಠ ಬಹಳ ಉದ್ದವಿರಲಿಲ್ಲ. ವೋಲ್ಟು ಅಂದರೆ ದೂಡುವುದು, ಆಂಪಿಯರು ಅಂದರೆ ಹರಿಯುವುದು, ಓಮ್ ಅಂದರೆ ತಡೆಯುವುದು. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ತಡೆ ಸಿಗುತ್ತದೆ. ಎರಡನ್ನೂ ಗುಣಿಸಿದರೆ ವ್ಯಾಟು ಸಿಗುತ್ತದೆ. ವ್ಯಾಟು ಅಂದರೆ ಕಸುವು. "ಇಷ್ಟಽ... ಇದರಾಗ ನನ್ನ ಮೂವತ್ತ್ ವರ್ಷ ಹೋತು" ಅಂದು ನಕ್ಕರು. ನಕ್ಕದ್ದಕ್ಕೆ ಹತ್ತು ನಿಮಿಷ ಕೆಮ್ಮಿದರು.

ಅಂಗಡಿಯಿಂದ ತಂದಿಟ್ಟಿದ್ದ ಟಾಂಗ್ ಟೆಸ್ಟರ್ ತೆಗೆಸಿದರು. ಇಕ್ಕಳದ ಹಾಗೆ ಬಾಯಿ ತೆರೆಯುವ ಮೀಟರು ಅದು. ವೈರನ್ನು ಅದರ ಬಾಯೊಳಗೆ ಹಿಡಿದರೆ ಎಷ್ಟು ಆಂಪಿಯರು ಹರಿಯುತ್ತಿದೆ ಎಂದು ತೋರಿಸುತ್ತದೆ. ಅದಕ್ಕೇ ಎರಡು ಕಡ್ಡಿ ಸಿಕ್ಕಿಸಿದರೆ ವೋಲ್ಟೂ ತೋರಿಸುತ್ತದೆ. ನಾನು ಮಷೀನಿನ ವೈರನ್ನು ಹಿಡಿದೆ. ಸೊನ್ನೆ ಬಂತು. ಮಷೀನು ಕಣ್ಣೆದುರಿಗೇ ನಡೆಯುತ್ತಿದೆ, ಮೀಟರು ಸೊನ್ನೆ ಅನ್ನುತ್ತಿದೆ.

"ಕೆಟ್ಟೈತ್ರಿ ಇದು."

"ಎರಡೂ ಎಳಿ... ಕೂಡೇ ಹಿಡದಿ. ಹೋಗೋದು ಬರೋದು... ವಜಾ ಆಕ್ಕೈತಿ. ಒಂದಽ ಎಳಿ ಹಿಡಿ."

ಅದಕ್ಕೆಂದು ಅವರೇ ಹಿಂದೆ ಮಾಡಿಟ್ಟಿದ್ದ ಎಕ್ಸ್‌ಟೆನ್ಷನ್ ಬಾಕ್ಸ್ ಇತ್ತು, ಒಂದು ಎಳೆ ಬೇರೆಯಾಗಿ ಹೊರಗೆ ಬಂದದ್ದು. ಅದರಲ್ಲಿ ಹಿಡಿದಾಗ ಒಂದೂವರೆ ತೋರಿಸಿತು. ಲೈನಿನ ಇನ್ನೂರಾ ಮೂವತ್ತು ವೋಲ್ಟನ್ನು ಒಂದೂವರೆಯಿಂದ ಗುಣಿಸಿದೆ. ಮುನ್ನೂರಾ ನಲವತ್ತೈದು. ಮಷೀನಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ಮುನ್ನೂರೈವತ್ತು ವ್ಯಾಟು ಎಂದಿತ್ತು. ಸಕ್ಕರೆ ಪಾಕ ಮೊದಲ ಸಲಕ್ಕೇ ಸರಿಯಾಗಿ ಎಳೆ ಬಂದಾಗ ಆಗುವ ಸಂತೋಷ ಆಯಿತು. ಮಾರನೆಯ ದಿನ ಎಣಿಸುವಾಗ ಅದಕ್ಕೂ ಒಂದು ಗೆಣ್ಣು ಕೊಟ್ಟೆ.

ಮೇಲಿನ ಮನೆಯ ಓನರ್ ಅಕ್ಕ ಮಜ್ಜಿಗೆ ಕೊಡಲು ಬಂದವರು ನನ್ನ ಕೈಯಲ್ಲಿ ಟೆಸ್ಟರ್ ನೋಡಿದರು. ಅವರ ಮನೆಮಾತು ತೆಲುಗು. "ಏಮ್ಮಾ, ಲೈನ್‌ಮನ್ ಪರೀಕ್ಷಿ ಬರಿಯಾಕತ್ತೀಯೇನು? ಪಾಸಾದ್ರ ನಮ್ಮನಿ ಮೀಟರ್ ಸ್ವಲ್ಪ ಹಿಂದಕ ತಿರುಗ್ಸಮ್ಮಾ."

"ಮೊದ್ಲ ನಿಮ್ಮ ಫ್ಯೂಜ್ ಕೀಳತೀನಿ ನೋಡ್ರಿ ಅಕ್ಕಾರ" ಅಂದೆ. ಇವರು ಮಂಚದ ಮೇಲಿಂದ ಕೈ ಆಡಿಸಿ ನಕ್ಕರು.

ಆಮೇಲೆ ನೀರು ಕಾಯಿಸುವ ಕಾಯಿಲ್ ತರಿಸಿದರು. ಬಕೆಟ್ಟಿನಲ್ಲಿ ಇಳಿಬಿಡುವ ಸಾವಿರ ವ್ಯಾಟಿನದು. ಮಷೀನಿನೊಳಗೆ ಮೋಟಾರು ಇರುವುದರಿಂದ ಲೆಕ್ಕ ಸ್ವಲ್ಪ ಬೇರೆಯಂತೆ. ಕಾಯಿಲ್‌ನ ಲೆಕ್ಕ ಸುಳ್ಳು ಹೇಳುವುದಿಲ್ಲವಂತೆ. ಇನ್ನೂರಾ ಮೂವತ್ತನ್ನು ಅದರ ಆಂಪಿಯರಿನಿಂದ ಭಾಗಿಸಿದಾಗ ಐವತ್ತಮೂರು ಓಮ್ ಬಂತು.

"ಈಗ ವೋಲ್ಟು... ನೂರಾ ಅರವತ್ತಕ್ಕ ಬಿತ್ತು ಅಂತ ತಿಳಿ. ತಡಿ ಅಷ್ಟಽ. ಎಷ್ಟ್ ಹರಿತೈತಿ?"

ಮೊಬೈಲಿನಲ್ಲಿ ಭಾಗಿಸಿದೆ. ಮೂರು ಆಂಪಿಯರು. ಗುಣಿಸಿದೆ. ನಾನೂರಾ ಎಂಬತ್ತು ವ್ಯಾಟು. ತಪ್ಪಿರಬೇಕು ಎಂದು ಮತ್ತೆ ಮಾಡಿದೆ. ಅಷ್ಟೇ ಬಂತು.

"ವೋಲ್ಟು ಬಿದ್ದದ್ದು ಮೂರರಾಗ ಒಂದು ಪಾಲೂ ಅಲ್ಲ. ಕಸುವು ಅರ್ಧಕ್ಕಿಂತ ಹೆಚ್ಚು ಹೋತಲ್ರಿ!"

"ಹೂಂ" ಅಂದರು. "ದೂಡೋದು ಕಡಿಮ್ಯಾದ್ರ... ಹರಿಯೋದೂ ಕಡಿಮಿ. ಎರಡೂ ಕಡಿ ಹೊಡತ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ನನ್ನ ನೋಡಿದ್ರ... ತಿಳಿಯಂಗಿಲ್ಲೇನು?"

ನಾನು ಕಾಯಿಲ್ ಒರೆಸಿ ಎತ್ತಿಟ್ಟೆ.

ಅವರು ಅಂದು ಹೇಳಿದ ಇನ್ನೊಂದು ಮಾತು ನನ್ನ ನೆನಪಿನಿಂದ ಹೋಗಿಲ್ಲ. "ಖಾಲಿ ಇದ್ದಾಗ... ಎಲ್ಲಾ ಮೋಟಾರೂ ಚಲೋ ತಿರುಗತಾವ. ಲೋಡ್ ಬಿದ್ದಾಗ ನೋಡಬೇಕು." ಲೋಡ್ ಕೊಟ್ಟು, ಅಂದರೆ ಭಾರ ಹಾಕಿ ನೋಡದೆ ಒಂದು ಮೋಟಾರನ್ನೂ ಅವರು ಗಿರಾಕಿಗೆ ಕೊಟ್ಟವರಲ್ಲ. ರೈತ ಎಷ್ಟು ಅವಸರ ಮಾಡಿದರೂ ಕೂರಿಸಿ, ಚಹಾ ಕುಡಿಸಿ, ನಡೆಸಿ ತೋರಿಸಿಯೇ ಕಳಿಸುತ್ತಿದ್ದರು.

ನಿಮಿಷಕ್ಕೆ ಮೂರು ಲೀಟರ್ ಆಕ್ಸಿಜನ್ನಿಗೆ ಇಟ್ಟಿದ್ದ ಮಷೀನನ್ನು ಡಾಕ್ಟರು ನಾಲ್ಕಕ್ಕೆ ಏರಿಸಿದರು. ಐದೇ ಅದರ ಕೊನೆ. ಆ ವಾರವೇ ಇವರು ಬಾಯಿ ಬಿಟ್ಟು ಕೇಳಿದ್ದು. "ಸಿರುಗುಪ್ಪಕ್ಕ ಹೋಗೂಣು. ನಮ್ಮ ಮನಿಗಿ."

ಸಿರುಗುಪ್ಪದ ಊರಾಚೆ, ಭತ್ತದ ಗದ್ದೆ ಶುರುವಾಗುವಲ್ಲಿ ಅವರಪ್ಪನ ಮನೆ. ಈಗ ನನ್ನ ಮೈದುನ ಅಲ್ಲಿದ್ದಾನೆ, ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ. ಅದೇ ಮನೆಯ ಪಡಸಾಲೆಯಲ್ಲಿ ಇವರು ಮೊದಲ ಮೋಟಾರು ಸುತ್ತಿದ್ದು. ಬಾಗಿಲ ಮುಂದೆ ಕಲ್ಲಿನ ಕಟ್ಟೆ. ಆ ಕಟ್ಟೆಯ ಮೇಲೆ ಕೂರಬೇಕು, ಸಾಯುವುದಾದರೆ ಅಲ್ಲೇ ಸಾಯಬೇಕು, ಬಾಡಿಗೆ ಮನೆಯಲ್ಲಿ ಅಲ್ಲ. ಇಷ್ಟೇ ಅವರ ಆಸೆ. ಬೇರೇನನ್ನೂ ಅವರು ನನ್ನಿಂದ ಯಾವತ್ತೂ ಕೇಳಿದವರಲ್ಲ.

ಮೈದುನನಿಗೆ ಫೋನು ಮಾಡಿದೆವು. "ಬರ್ರಿ ಅಣ್ಣಾ, ಕರೆಂಟ್ ಏನ್ ಚಿಂತಿಲ್ಲ. ಟಿವಿ ಭರ್ಜರಿ ನಡೀತೈತಿ" ಅಂದ.

"ಟಿವಿ ನೂರಾ ಇಪ್ಪತ್ತಕ್ಕೂ... ನಡೀತೈತಲೇ, ದಡ್ಡ" ಅಂದು ಫೋನು ನನ್ನ ಕೈಗೆ ಕೊಟ್ಟರು. "ನೀನಽ ಹೋಗಿ ಅಳದು ಬಾ."

ಅವರನ್ನು ಬಿಟ್ಟು ಇಡೀ ದಿನ ಹೋಗುವುದು ಸುಲಭವಿರಲಿಲ್ಲ. ಓನರ್ ಅಕ್ಕ, ಒಂದು ದಿನ ನಾನು ಕೂರುತ್ತೇನೆ, ಒಂದೇ ದಿನ ಅಂದರು. ನನಗೆ ಕುರುಗೋಡಿನ ಬಸವಣ್ಣನಿಗೆ ಅಮಾವಾಸ್ಯೆಗೊಮ್ಮೆ ಹೋಗಿ ಬರುವ ಹರಕೆ ಇತ್ತು; ಮಷೀನು ಬಂದಾಗಿನಿಂದ ತಪ್ಪಿತ್ತು. ಸಿಕ್ಕಿದ್ದು ಒಂದೇ ದಿನವಾದರೆ ಅಮಾವಾಸ್ಯೆಯಂದೇ ಹೋಗೋಣ, ದೇವರ ಮುಖ ನೋಡಿ ಆಮೇಲೆ ವೋಲ್ಟು ನೋಡೋಣ ಅಂದುಕೊಂಡೆ. ಅಂಥ ದೊಡ್ಡ ಕೆಲಸಕ್ಕೆ ದೇವರ ದಿನಕ್ಕಿಂತ ಒಳ್ಳೆಯ ದಿನ ಯಾವುದು?

"ಅಮಾಸಿ ದಿನ ಮಿಷಿನ್ ಹಿಡಕೊಂಡು ಹೊಂಟೀಯಲ್ಲಮ್ಮಾ" ಅಂದರು ಓನರ್ ಅಕ್ಕ.

"ನಮಗ ಅಮಾಸಿ ಅಂದ್ರ ಬಸವಣ್ಣನ ದಿನ ಅಕ್ಕಾರ. ಚಲೋ ಆಕ್ಕೈತಿ."

ಮುಂಜಾನೆಯ ಬಸ್ಸಿಗೆ ಕುರುಗೋಡಿಗೆ ಹೋದೆ. ಅಷ್ಟು ದೊಡ್ಡ ಕಲ್ಲಿನ ಬಸವಣ್ಣನ ಮುಂದೆ ನಿಂತು ನಾನು ಬೇಡಿದ್ದು ಸಣ್ಣದು: ಇನ್ನೂರಾ ಹತ್ತಕ್ಕಿಂತ ಕಡಿಮೆ ಬರದಿರಲಿ. ಪೂಜಾರಿ ವಿಭೂತಿ ಕೊಟ್ಟರು, ಸೆರಗಿನ ತುದಿಗೆ ಕಟ್ಟಿಕೊಂಡೆ. ಎರಡು ಬಸ್ಸು ಬದಲಿಸಿ ಸಿರುಗುಪ್ಪ ಮುಟ್ಟುವಾಗ ಹತ್ತಿರ ಹನ್ನೆರಡಾಗಿತ್ತು. ಕೈಚೀಲದಲ್ಲಿ ಟಾಂಗ್ ಟೆಸ್ಟರ್, ಬಾಕ್ಸು, ಕಾಯಿಲ್. ಹೊಲಗಳಲ್ಲಿ ಯಾರೂ ಇರಲಿಲ್ಲ. ನಮ್ಮ ಕಡೆ ಅಮಾವಾಸ್ಯೆ ದಿನ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ, ಕುಡುಗೋಲು ಮುಟ್ಟುವುದಿಲ್ಲ. ಮನೆಯ ಎದುರಿನ ಓಣಿಯ ಕೊನೆಗೆ ಒಂದು ಅಕ್ಕಿ ಗಿರಣಿ ಇದೆ. ಅದರ ಬಾಗಿಲು ಹಾಕಿ, ತೊಳೆದು, ಮೂರು ಬೆರಳ ವಿಭೂತಿ ಎಳೆದು, ಹೊಸ್ತಿಲಿಗೆ ಕಾಯಿ ಒಡೆದಿದ್ದರು. ಹೋಗುತ್ತ ನಾನು ಅದಕ್ಕೂ ಕೈ ಮುಗಿದೆ.

ಮೈದುನ ಬಕೆಟ್ಟಿಗೆ ನೀರು ತುಂಬಿದ. "ಅತ್ತಿಗಿ, ಇವತ್ತ ನಮ್ಮ ಲೈನ್‌ಮನ್‌ನ ನೌಕರಿ ಹೋತು ನೋಡು."

"ಸುಮ್ನ ನಿಂದ್ರೋ, ಲೆಕ್ಕ ತಪ್ಪತೈತಿ."

ಏನೂ ಹಚ್ಚದೆ ನೋಡಿದಾಗ ಇನ್ನೂರಾ ಇಪ್ಪತ್ತೆಂಟು. ಕಾಯಿಲ್ ಹಚ್ಚಿದಾಗ ನಾಲ್ಕು ಪಾಯಿಂಟ್ ಒಂದು ಆಂಪಿಯರು ಹರಿಯಿತು, ವೋಲ್ಟು ಇನ್ನೂರಾ ಹತ್ತೊಂಬತ್ತಕ್ಕೆ ಇಳಿಯಿತು. ಒಂಬತ್ತು ವೋಲ್ಟು ಕಂಬದಿಂದ ಮನೆಗೆ ಬರುವ ತಂತಿಯಲ್ಲೇ ಹೋಗುತ್ತಿದೆ ಎಂದರ್ಥ. ಒಂಬತ್ತನ್ನು ನಾಲ್ಕು ಪಾಯಿಂಟ್ ಒಂದರಿಂದ ಭಾಗಿಸಿದೆ: ಎರಡು ಪಾಯಿಂಟ್ ಎರಡು ಓಮ್. ಅದೇ ಆ ತಂತಿಯ ತಡೆ. ನಮ್ಮ ಮಷೀನಿಗೆ ಒಂದೂವರೆ ಆಂಪಿಯರು; ಗುಣಿಸಿದರೆ ಮೂರು ಚಿಲ್ಲರೆ ವೋಲ್ಟು ನಷ್ಟ. ಅಷ್ಟು ಹೋದರೆ ಹೋಗಲಿ, ಇನ್ನೂರಾ ಇಪ್ಪತ್ತೈದು ಉಳಿಯುತ್ತದೆ. ಏಳನೇ ಕ್ಲಾಸು ಓದಿದ ನಾನು ಕಂಬದಿಂದ ಬರುವ ತಂತಿಯ ತಡೆಯನ್ನು ನೆಲದ ಮೇಲೆ ಕೂತು ಕಂಡುಹಿಡಿದಿದ್ದೆ. ಎರಡು ಸಲ ಅಳೆದೆ, ಎರಡು ಸಲ ಭಾಗಿಸಿದೆ. ಒಂದು ಅಂಕಿಯೂ ತಪ್ಪಿರಲಿಲ್ಲ.

ಫೋನು ಮಾಡಿ ಹೇಳಿದೆ. ಇವರು ಕೇಳಿಸಿಕೊಂಡರು. "ತಂತಿ ಚಲೋ ಐತಿ" ಅಂದರು. ಇನ್ನೇನೋ ಕೇಳುತ್ತಾರೆ ಎಂದು ಫೋನು ಹಿಡಿದು ನಿಂತೆ. ಮಷೀನಿನ ಸದ್ದು ಮಾತ್ರ ಬರುತ್ತಿತ್ತು. "ಬಾ, ಬಸ್ ತಪ್ಪತೈತಿ" ಅಂದು ಇಟ್ಟರು.

ಮನೆಗೆ ಬಂದು ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ೨೨೮ ಎಂದು ಬರೆದೆ. ಮಂಚದ ಎದುರಿನ ಗೋಡೆ ಅದು.

ಐದನೆಯ ದಿನ ಗುರುತಿನವರ ವ್ಯಾನಿನಲ್ಲಿ ಹೊರಟೆವು. ಇನ್ವರ್ಟರ್, ಬ್ಯಾಟರಿ, ವೋಲ್ಟು ಇಳಿದರೆ ಏರಿಸಿಕೊಡುವ ಸ್ಟೆಬಿಲೈಜರ್ ಎಲ್ಲ ಜೊತೆಗೆ. ದಾರಿಯುದ್ದಕ್ಕೂ ಮಷೀನು ಬ್ಯಾಟರಿಯ ಮೇಲೆ ನಡೆಯಿತು. ಅದರ ಲೆಕ್ಕವೂ ನನಗೆ ಬರುತ್ತಿತ್ತು. ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಮುನ್ನೂರೈವತ್ತು ವ್ಯಾಟು ಬೇಕೆಂದರೆ ಮೂವತ್ತು ಆಂಪಿಯರು, ಇನ್ವರ್ಟರ್ ತಾನೇ ನುಂಗುವುದೂ ಸೇರಿ ಮೂವತ್ತೈದು. ನೂರೈವತ್ತರ ಬ್ಯಾಟರಿ ಹೊಸದಾಗಿದ್ದರೆ ನಾಲ್ಕು ತಾಸು ಬರಬೇಕು. ನಮ್ಮದು ಹಳೆಯದು, ಮೂರು ತಾಸು. ದಾರಿ ಎರಡು ತಾಸು.

ಹೊತ್ತು ಮುಳುಗುವಾಗ ಮುಟ್ಟಿದೆವು. ಮೀಟರು ಇನ್ನೂರಾ ಇಪ್ಪತ್ತು ತೋರಿಸಿತು. ಮಷೀನು ಹಚ್ಚಿದೆ, ಗೊರಗುಟ್ಟಿತು. ರಾತ್ರಿ ಅವರು ಎರಡು ತುತ್ತಲ್ಲ, ಒಂದು ರೊಟ್ಟಿ ತಿಂದರು.

ಬೆಳಗಾದ ಮೇಲೆ ಉದ್ದನೆಯ ಕೊಳವೆ ಜೋಡಿಸಿ, ಮೈದುನ ಮತ್ತು ನಾನು ಎರಡೂ ಕಡೆ ಹಿಡಿದು ಅವರನ್ನು ಕಟ್ಟೆಯ ಮೇಲೆ ಕೂರಿಸಿದೆವು. ಗದ್ದೆಯಲ್ಲಿ ಬೆಳ್ಳಕ್ಕಿಗಳು ಇಳಿದಿದ್ದವು. ಹಾದು ಹೋಗುವವರು ನಿಂತು ಮಾತಾಡಿಸಿದರು. ಒಬ್ಬ ಮುದುಕ, "ಏನಪಾ, ಮೂಗಿಗಿ ದಾರ ಹಾಕ್ಯಾಳಲ್ಲ ನಿನ್ನ ಹೆಂಡ್ತಿ" ಅಂದ. "ಈಗರ ಮಾತ್ ಕೇಳ್ಲಿ ಅಂತ" ಅಂದೆ ನಾನು. ಇವರ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ್ದು ಕಂಡೆ. ಅವತ್ತು ಪೂಜೆಯಲ್ಲಿ ಎಣಿಸುವಾಗ ಒಂದು ಕೈಯ ಗೆಣ್ಣು ಮುಗಿದು ಇನ್ನೊಂದು ಕೈಗೆ ಹೋಗಿದ್ದೆ.

ಹತ್ತು ಗಂಟೆಗೆ ಗಿರಣಿಯ ಬಾಗಿಲು ತೆರೆಯಿತು. ಮೊದಲು ಗುಂಯ್ ಅಂತು, ಆಮೇಲೆ ಬೆಲ್ಟು ಪಟಪಟ ಬಡಿಯಿತು. ಪಡಸಾಲೆಯ ಬಲ್ಬು ಕೆಂಪಗಾಯಿತು. ಸ್ಟೆಬಿಲೈಜರ್ ಒಳಗೆ ಟಕ್, ಟಕ್, ಟಕ್ ಅಂತು. ನಾನು ಓಡಿ ಹೋಗಿ ಕಡ್ಡಿ ಸಿಕ್ಕಿಸಿದೆ. ನೂರಾ ಎಂಬತ್ತು. ನೂರಾ ಎಪ್ಪತ್ತೊಂದು. ನೂರಾ ಅರವತ್ತೆರಡು. ನೂರಾ ಎಪ್ಪತ್ತರ ಕೆಳಗೆ ಸ್ಟೆಬಿಲೈಜರ್ ತಾಳುವುದಿಲ್ಲ, ಕೈಬಿಟ್ಟಿತು. ಇನ್ವರ್ಟರ್ ಹಿಡಿಯಿತು. ಮಷೀನು ನಡೆಯುತ್ತಿತ್ತು, ಆದರೆ ಬ್ಯಾಟರಿಯ ಮೇಲೆ. ಮೂರು ತಾಸು.

ಆಗ ನನಗೆ ಹೊಳೆಯಿತು, ತಲೆಗೆ ಕಲ್ಲು ಬಿದ್ದ ಹಾಗೆ. ನಾನು ಅಳೆದದ್ದು ಅಮಾವಾಸ್ಯೆ ದಿನ. ಗಿರಣಿ ಬಂದ್, ಪಂಪ್‌ಸೆಟ್ ಬಂದ್, ಊರೆಲ್ಲ ಸುಮ್ಮನಿದ್ದ ದಿನ. ತಂತಿಯ ತಡೆ ಅಳೆದೆ, ನನ್ನ ಕಾಯಿಲ್‌ನ ಭಾರ ಅಳೆದೆ, ಊರಿನ ಭಾರ ಅಳೆಯಲಿಲ್ಲ. ಆ ಗಿರಣಿಗೇ ಕೈ ಮುಗಿದು ಬಂದಿದ್ದೆ.

ಕಟ್ಟೆಗೆ ಬಂದೆ. ಇವರು ತಲೆ ಓರೆ ಮಾಡಿ ಗಿರಣಿಯ ಸದ್ದು ಕೇಳುತ್ತಿದ್ದರು. "ಇಪ್ಪತ್ತ್ ಎಚ್‌ಪಿ... ನಾನಽ ಸುತ್ತಿದ್ದು ಅದು. ಇನ್ನೂ ನಡದೈತಿ ನೋಡು. ಬೇರಿಂಗ್ ಅಷ್ಟಽ... ಹೋಗ್ಯಾವ."

"ವೋಲ್ಟು ನೂರಾ ಅರವತ್ತಕ್ಕ ಬಂತ್ರಿ."

"ಹೂಂ. ಬರತೈತಿ."

ಮೈದುನ ಗಿರಣಿಗೆ ಓಡಿದ. ಗಿರಣಿಯವರು ಒಳ್ಳೆಯವರು. ಭತ್ತದ ಚೀಲ ಹೊತ್ತು ತಂದವರು ಬಾಗಿಲಲ್ಲಿ ಕಾಯುತ್ತಿದ್ದರೂ ಬೆಲ್ಟು ನಿಲ್ಲಿಸಿದರು. ವೋಲ್ಟು ನೂರಾ ತೊಂಬತ್ತಕ್ಕೆ ಏರಿತು. ಸ್ಟೆಬಿಲೈಜರ್ ಮತ್ತೆ ಹಿಡಿಯಿತು. ನಾನು ಸೆರಗು ಕಣ್ಣಿಗೊತ್ತಿಕೊಂಡೆ. ಕಾಲು ತಾಸೂ ಆಗಿರಲಿಲ್ಲ, ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಬಿಡುವ ಹೊತ್ತಾಯಿತು. ಗದ್ದೆಯುದ್ದಕ್ಕೂ ಮೋಟಾರುಗಳು ಎದ್ದವು. ಮೀಟರು ಇಳಿಯಿತು, ನೂರಾ ಅರವತ್ತೈದು. ಗಿರಣಿಯವರು ಬಾಗಿಲಿಗೆ ಬಂದು ನಿಂತು, "ಇವತ್ತೇನೋ ನಾ ನಿಲ್ಲಸ್ತೀನಮ್ಮ. ನಾಳಿಗಿ ಏನ್ ಮಾಡ್ತೀರಿ? ಊರ ಪಂಪ್ ಯಾರ್ ನಿಲ್ಲಸ್ತಾರ?" ಅಂದರು. ಸಿಟ್ಟಿನಿಂದಲ್ಲ. ಅವರೂ ಉತ್ತರ ಹುಡುಕುತ್ತಿದ್ದರು.

ಬ್ಯಾಟರಿ ಮೂರು ತಾಸು, ದಾರಿ ಎರಡು ತಾಸು. ಉಳಿದದ್ದು ಒಂದು. ಇದಕ್ಕೆ ಮೊಬೈಲು ಬೇಕಾಗಲಿಲ್ಲ. ವ್ಯಾನಿನವರನ್ನು ಕರೆಸಿದೆ. ಮೈದುನ ಸಾಮಾನು ಕಟ್ಟತೊಡಗಿದ.

"ಇನ್ನೊಂದ್ ತಾಸು... ಕುಂದ್ರತೀನಿ" ಅಂದರು ಇವರು, ಕಟ್ಟೆಯ ಅಂಚು ಹಿಡಿದು.

"ಇದ್ದದ್ದಽ ಒಂದು ತಾಸ್ರಿ. ಅದರಾಗ ಅರ್ಧ ಹೋತು."

"ಹಾಂಗಾದ್ರ ಇಲ್ಲೇ ಬಿಡು. ಏನ್ ಆಕ್ಕೈತೋ ಆಗ್ಲಿ."

ಅದೇ ಅವರಿಗೆ ಬೇಕಿತ್ತು ಎಂದು ನನಗೆ ಗೊತ್ತಿತ್ತು. ಸುಮ್ಮನೆ ಅವರ ಪಕ್ಕ ಕೂತುಬಿಟ್ಟಿದ್ದರೆ ಮಧ್ಯಾಹ್ನ ಒಂದರ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು, ಅವರ ಕಟ್ಟೆಯ ಮೇಲೆ, ಅವರು ಕೇಳಿದ ಹಾಗೆಯೇ. ಆದರೆ ತುಟಿ ನೀಲಿಯಾಗುವುದನ್ನು ನಾನು ಒಮ್ಮೆ ನೋಡಿದ್ದೆ. ಮತ್ತೆ ನೋಡುತ್ತ ಕೂರುವ ಧೈರ್ಯ ಶಿವ ನನಗೆ ಕೊಟ್ಟಿರಲಿಲ್ಲ. "ಏಳ್ರಿ" ಅಂದೆ. ಅವರ ಬೆರಳನ್ನು ಕಲ್ಲಿನಿಂದ ನಾನೇ ಬಿಡಿಸಿದೆ.

ತೆಕ್ಕಲಕೋಟೆ ದಾಟುವವರೆಗೂ ನಾನು ತಾಸು ಎಣಿಸುತ್ತ ಕೂತಿದ್ದೆ. ಆಮೇಲೆ ನಾನು ಅತ್ತೆ. "ನನ್ನಿಂದ ತಪ್ಪಾತ್ರಿ. ಯಾವ ದಿನ ಅಳೀಬೇಕಂತ ತಿಳೀಲಿಲ್ಲ ನನಗ."

ಅವರು ಕಣ್ಣು ಮುಚ್ಚಿಕೊಂಡೇ ಅಂದರು, "ನನಗ ತಿಳದಿತ್ತು."

"ಏನು?"

"ಕ್ಯಾಲೆಂಡರ್... ಎದರಿಗೇ ಐತಲ್ಲ. ಕರಿ ಚುಕ್ಕಿ ಮ್ಯಾಲ ಬರದಿ. ಅಮಾಸಿಗಿ ಗಿರಣಿ ನಡಿಯಂಗಿಲ್ಲ... ನನಗ ಗೊತ್ತಿಲ್ಲೇನು?"

"ಮತ್ತ ಯಾಕ ಹೇಳಲಿಲ್ರಿ?"

"ಹೇಳಿದ್ರ... ಕರಕೊಂಡ್ ಹೋಗ್ತಿರಲಿಲ್ಲ ನೀ" ಅಂದರು.

ಲೋಡ್ ಕೊಟ್ಟು ನೋಡದೆ ಒಂದು ಮೋಟಾರನ್ನೂ ಕೊಡದ ಮನುಷ್ಯ. ನಾನು ಕಿಟಕಿಯ ಕಡೆ ತಿರುಗಿದೆ. ಬ್ಯಾಟರಿ ಬಳ್ಳಾರಿಯವರೆಗೆ ತಾಳಿತು. ಗಾಂಧಿನಗರದ ಮನೆಯಲ್ಲಿ ಪ್ಲಗ್ಗು ಹಾಕುವಾಗ ಬ್ಯಾಟರಿ ಮುಗಿಯುತ್ತ ಬಂದು ಇನ್ವರ್ಟರ್ ಕೂಗಲು ಶುರು ಮಾಡಿತ್ತು. ಅಷ್ಟು ಮಾತ್ರ ಲೆಕ್ಕ ಸರಿಹೋಯಿತು.

ಆಮೇಲೆ ಅವರು ಸಿರುಗುಪ್ಪದ ಹೆಸರು ಎತ್ತಲಿಲ್ಲ. ಮಷೀನು ಐದಕ್ಕೆ ಏರಿತು. ಇನ್ನು ಏರಿಸಲು ಅದರಲ್ಲಿ ಅಂಕಿ ಇರಲಿಲ್ಲ. ಓನರ್ ಅಕ್ಕ ಮಜ್ಜಿಗೆ ತಂದು ಸುಮ್ಮನೆ ಇಟ್ಟು ಹೋಗುತ್ತಿದ್ದರು, ತಮಾಷೆ ಮಾಡುತ್ತಿರಲಿಲ್ಲ. ನಾನು ದಿನಾ ವೋಲ್ಟು ಅಳೆದು ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದೆ, ಯಾಕೆಂದು ಕೇಳಿದರೆ ಗೊತ್ತಿಲ್ಲ. ಮುಂದಿನ ಅಮಾವಾಸ್ಯೆಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಿಗ್ಗೆ ಪೂಜೆ ಮುಗಿಸಿ ವಿಭೂತಿ ಹಚ್ಚಲು ಅವರ ಹತ್ತಿರ ಹೋದೆ. ಹಣೆ ತಣ್ಣಗಿತ್ತು.

ಮಷೀನು ನಡೆಯುತ್ತಲೇ ಇತ್ತು. ಅದಕ್ಕೇನು ತಿಳಿಯುತ್ತದೆ. ನನ್ನ ಕೈ ತಾನಾಗಿಯೇ ಟೆಸ್ಟರ್ ತೆಗೆದುಕೊಂಡಿತು. ಇನ್ನೂರಾ ಮೂವತ್ತೊಂದು ವೋಲ್ಟು, ಒಂದೂವರೆ ಆಂಪಿಯರು. ಯಾವುದರಲ್ಲೂ ಕೊರತೆ ಇರಲಿಲ್ಲ. ಕೊಳವೆಯನ್ನು ಮೂಗಿನಿಂದ ತೆಗೆದು, ಅದು ಉಸ್ಸೆನ್ನುವುದನ್ನು ಅಂಗೈ ಮೇಲೆ ಸ್ವಲ್ಪ ಹೊತ್ತು ಹಿಡಿದುಕೊಂಡು ಕೂತೆ. ಆಮೇಲೆ ಆರಿಸಿದೆ.

ಅದೇ ವ್ಯಾನಿನಲ್ಲಿ ಸಿರುಗುಪ್ಪಕ್ಕೆ ಒಯ್ದೆವು. ಬ್ಯಾಟರಿ ಬೇಕಿರಲಿಲ್ಲ, ತಾಸು ಎಣಿಸಬೇಕಿರಲಿಲ್ಲ. ನಮ್ಮವರ ಪದ್ಧತಿಯಂತೆ ಅವರನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವು ಹಾಕಿದರು. ಪಡಸಾಲೆಯಲ್ಲಲ್ಲ, ಕಟ್ಟೆಯ ಮೇಲೆಯೇ ಕೂರಿಸಿರೆಂದು ನಾನು ಹೇಳಿದೆ. ಹಾಗೇ ಮಾಡಿದರು. ಇದನ್ನು ಯಾವ ಬೆರಳಿಗೆ ಎಣಿಸಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ಬಾಗಿಲ ಬಲ್ಬನ್ನು ಯಾರೋ ಹಾಕಿದ್ದರು. ಅದು ಕೆಂಪಗೆ ಉರಿಯುತ್ತಿತ್ತು. ಓಣಿಯ ಕೊನೆಗೆ ಬೆಲ್ಟು ಬಡಿಯುತ್ತಿತ್ತು, ಅದರ ಕೆಳಗೆ ಬೇರಿಂಗಿನ ಕಿರುಗುಟ್ಟುವ ಸದ್ದು. ಮೈದುನ ಟವೆಲು ಹೆಗಲಿಗೆ ಹಾಕಿಕೊಂಡು ಎದ್ದ. "ಅತ್ತಿಗಿ, ಹೋಗಿ ಗಿರಣಿ ನಿಲ್ಲಸಂತ ಹೇಳಿ ಬರತೀನಿ."

"ಬ್ಯಾಡ ಬಿಡು" ಅಂದೆ. "ನಡೀಲಿ. ಅವರು ಸುತ್ತಿದ್ದು."